ಎಳೆಯೋದಾ, ಹೊರೋದಾ?

ಹಲಸೂರಿನ ಕಾರ್ ಸ್ಟ್ರೀಟ್ ಅಂದರೆ ಮೋಟಾರು ಕಾರುಗಳ ಬೀದಿ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅಲ್ಲ, ಅದು ಸೋಮೇಶ್ವರ ಸ್ವಾಮಿಯ ತೇರಿನ ಬೀದಿ. ಅದರ ಹಿಂದಿನ ಗಲ್ಲಿಯಲ್ಲಿ ನನ್ನ ಸೋದರಮಾವನ ಗ್ಯಾರೇಜಿದೆ. ಎರಡು ಕಾರು ನಿಲ್ಲಿಸಿದರೆ ಮೂರನೆಯದಕ್ಕೆ ಜಾಗವಿಲ್ಲದ ಗ್ಯಾರೇಜು. ಕಳೆದ ವರ್ಷ ಎಂಜಿನಿಯರಿಂಗ್ ಮುಗಿಸಿ, ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ನಾಲ್ಕು ಕಂಪನಿಗಳಿಂದ 'ಮತ್ತೆ ತಿಳಿಸುತ್ತೇವೆ' ಅನ್ನಿಸಿಕೊಂಡು, ಯಾರೂ ಮತ್ತೆ ತಿಳಿಸದೆ ಹೋದಾಗ ನಾನು ಹೋಗಿ ಕೂತದ್ದು ಅಲ್ಲೇ. ಮನೆಯಿರುವುದು ಕೆ.ಆರ್.ಪುರದಲ್ಲಿ. ಬೆಳಿಗ್ಗೆ ಮೆಟ್ರೊ ಹತ್ತಿ ಹಲಸೂರಿಗೆ, ರಾತ್ರಿ ಕೈಯಲ್ಲಿ ಗ್ರೀಸ್ ವಾಸನೆ ಹೊತ್ತು ವಾಪಸ್. ಬಿ.ಇ. ಮೆಕ್ಯಾನಿಕಲ್ ಅಂತ ಹೇಳಿಕೊಳ್ಳಲು ಆ ವಾಸನೆಯೊಂದೇ ಆಧಾರ.

ಇಂದಿರಾನಗರದ ಗಿರಾಕಿಯೊಬ್ಬರ ಹಳೇ ಮಾರುತಿ ಎಸ್ಟೀಮ್ ನಮ್ಮಲ್ಲಿತ್ತು. ರಸ್ತೆಗೆ ಬಿಡುವ ಕಾರಲ್ಲ. ಒಳಗಿನ ಸೀಟು, ಹೊದಿಕೆ ಎಲ್ಲ ಕಿತ್ತು, ಕಬ್ಬಿಣದ ಪೈಪಿನ ರೋಲ್ ಕೇಜ್ ಹಾಕಿ, ನೆಲಕ್ಕೆ ಅಂಟಿಕೊಂಡಂತೆ ತಗ್ಗಿಸಿ ಮಾವ ತಯಾರು ಮಾಡಿದ ಟ್ರ್ಯಾಕ್ ಕಾರು. ಎಸ್ಟೀಮ್ ಅಂದರೆ ಈಗಿನವರಿಗೆ ನಗು ಬರಬಹುದು. ಆದರೆ ಅದರ 1,298 ಸಿಸಿ ಎಂಜಿನ್ನು ನಮ್ಮ ದೇಶದ ರೇಸಿಂಗಿಗೆ ಅನ್ನ ಹಾಕಿದ ಎಂಜಿನ್ನು. ಎಸ್ಟೀಮ್ ರೇಸುಗಳು ಮಾತ್ರವಲ್ಲ, ಒಂಟಿ ಸೀಟಿನ ಎಷ್ಟೋ ಫಾರ್ಮುಲಾ ಕಾರುಗಳ ಬೆನ್ನಿಗೂ ಇದೇ ಎಂಜಿನ್ ಕೂತಿತ್ತು.

ಡಿಸೆಂಬರಿನಲ್ಲಿ ಆ ಕಾರನ್ನು ಇರುಂಗಾಟ್ಟುಕೋಟ್ಟೈಗೆ ಒಯ್ಯಬೇಕಿತ್ತು. ಶ್ರೀಪೆರಂಬದೂರಿನ ಪಕ್ಕದ ಮದ್ರಾಸ್ ರೇಸ್ ಟ್ರ್ಯಾಕ್ ಇರುವ ಊರು. ಬೆಂಗಳೂರಿನಲ್ಲಿ ಗೋ-ಕಾರ್ಟ್ ಓಡಿಸುವ ಜಾಗಗಳಿವೆ, ಕಾರು ಓಡಿಸುವ ಟ್ರ್ಯಾಕ್ ಇಲ್ಲ. ಇಲ್ಲಿನವರು ಒಂದೋ ಮದ್ರಾಸಿಗೆ ಹೋಗಬೇಕು, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಎರಡೂ ಮುನ್ನೂರು ಕಿಲೋಮೀಟರು ಮೀರಿದ ದೂರ. ಕಾರು ರಸ್ತೆಗೆ ಯೋಗ್ಯವಲ್ಲ, ಆದ್ದರಿಂದ ಅದು ಈಗ ವಾಹನವಲ್ಲ, ಸಾಮಾನು. ಸಾಮಾನನ್ನು ಸಾಗಿಸುವುದು ಹೇಗೆ?

"ಅಳಿಯ, ಅದನ್ನ ನೀನೇ ನೋಡ್ಕೊ" ಅಂದರು ಮಾವ. "ಕಾಲೇಜಲ್ಲಿ ಇದೇ ಕೆಲಸ ಮಾಡ್ತಿದ್ಯಲ್ಲ?"

ಹೌದು, ಮಾಡಿದ್ದೆ. ನಮ್ಮ ಕಾಲೇಜಿನ ಫಾರ್ಮುಲಾ ಕಾರಿನ ತಂಡದಲ್ಲಿ ವೆಲ್ಡಿಂಗ್ ಬರದವರಿಗೆ, ಕಂಪ್ಯೂಟರಿನಲ್ಲಿ ಡಿಸೈನ್ ಮಾಡಲು ಬರದವರಿಗೆ ಒಂದು ಗೌರವದ ಹುದ್ದೆಯಿತ್ತು: ಲಾಜಿಸ್ಟಿಕ್ಸ್ ಹೆಡ್. ಅದು ನಾನು. ಕೊಯಮತ್ತೂರಿನ ಫಾರ್ಮುಲಾ ಭಾರತ್ ಸ್ಪರ್ಧೆಗೆ ನಮ್ಮ ಕಾರನ್ನು ಟಾಟಾ 407ರಲ್ಲಿ ಒಯ್ದಿದ್ದೆವು. ಆದರೆ ಆ ಕಾರಿನ ತೂಕ ಇನ್ನೂರೈವತ್ತು ಕೆಜಿ. ಎಂಟು ಹುಡುಗರು ಸುತ್ತ ನಿಂತು 'ಜೈ ಭಜರಂಗಬಲಿ' ಅಂತ ಎತ್ತಿ ಇಟ್ಟರೆ ಮುಗಿಯಿತು. 407ರ ಹತ್ತಡಿ ತೊಟ್ಟಿಯಲ್ಲಿ ಅದು ಮಲಗಿ, ಪಕ್ಕದಲ್ಲಿ ನಮ್ಮ ಟೂಲ್ ಬಾಕ್ಸ್, ಹಾಸಿಗೆ, ಪುಳಿಯೋಗರೆ ಡಬ್ಬ ಎಲ್ಲ ಹಿಡಿದಿತ್ತು. ಎಸ್ಟೀಮ್ ಹಾಗಲ್ಲ. ಬರಿದು ಮಾಡಿದರೂ ಎಂಟುನೂರೈವತ್ತು ಕೆಜಿ ಆಸುಪಾಸು, ಉದ್ದ ಹದಿಮೂರೂವರೆ ಅಡಿ.

ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಮೊದಲು ಬಂದದ್ದು ಟ್ರೇಲರ್. ಅಮೆರಿಕದ ವಿಡಿಯೊಗಳನ್ನು ನೋಡಿ ನೋಡಿ ಹುಚ್ಚು ಹಿಡಿದಿತ್ತು. ಅಲ್ಲಿ ಶುಕ್ರವಾರ ಸಂಜೆ ದೊಡ್ಡ ಪಿಕಪ್‌ಗೆ ಟ್ರೇಲರ್ ಸಿಕ್ಕಿಸಿ, ಅದರ ಮೇಲೆ ಟ್ರ್ಯಾಕ್ ಕಾರು ಕಟ್ಟಿ, ಹೆಂಡತಿ ಮಕ್ಕಳ ಸಮೇತ ಹೊರಟುಬಿಡುತ್ತಾರೆ. ಅಲ್ಲಿ ಪಿಕಪ್ ಕೊಳ್ಳುವವನು ಮೈಲೇಜಿಗಿಂತ ಮೊದಲು ಕೇಳುವುದು 'ಎಷ್ಟು ತೂಕ ಎಳೆಯುತ್ತೆ' ಅಂತ. ಫೋರ್ಡ್ ಎಫ್-150ಯಂಥ ಗಾಡಿ ಮೂರು ಟನ್ನಿಗಿಂತ ಹೆಚ್ಚು ಎಳೆಯುತ್ತದೆ. ನಾನೂ ಲೆಕ್ಕ ಹಾಕಿದೆ. ಒಂದು ಸಲ ಟ್ರೇಲರ್ ಮಾಡಿಸಿದರೆ ಸಾಕು, ಎಳೆಯಲು ಮಾವನ ಬೊಲೆರೊ ಇದೆ. ಪ್ರತಿ ಸಲ ಲಾರಿ ಬಾಡಿಗೆ ಉಳಿಯುತ್ತದೆ. ಬೆಂಗಳೂರಿನ ಬೇರೆ ಟ್ರ್ಯಾಕ್ ಕಾರುಗಳನ್ನೂ ನಾನೇ ಸಾಗಿಸಬಹುದು. ಕೆಲಸ ಹುಡುಕುವುದೇ ಬೇಡ, ಇದೇ ಕೆಲಸ! ಅಮ್ಮನ ಚೀಟಿ ಹಣ ಆ ತಿಂಗಳು ಕೈಗೆ ಬರುವುದರಲ್ಲಿತ್ತು. ತಂಗಿಯ ಕಾಲೇಜು ಫೀಸಿಗೆ ಅಂತ ಎತ್ತಿಟ್ಟದ್ದು. ಎರಡು ದಿನ ಹಿಂದೆ ಮುಂದೆ ಸುತ್ತಿ, ಕಾಫಿ ಮಾಡಿಕೊಟ್ಟು, ಕೊನೆಗೆ ಕೇಳಿಯೇಬಿಟ್ಟೆ.

"ಹುಷಾರು ಕಣೋ, ಅದು ನಂದಲ್ಲ, ಅವಳದ್ದು" ಅಂತಷ್ಟೇ ಹೇಳಿ ಅಮ್ಮ ಮೂವತ್ತು ಸಾವಿರ ಕೊಟ್ಟರು. ಉಳಿದದ್ದನ್ನು ಗಾಡಿ ನೋಡಿದ ಮೇಲೆ ಅಂದರು. ಆ 'ಮೇಲೆ' ಅನ್ನುವ ಮಾತೇ ನಮ್ಮನ್ನು ಉಳಿಸಿತು ಅಂತ ಈಗ ಅನ್ನಿಸುತ್ತದೆ.

ಕೆ.ಆರ್.ಪುರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಟ್ರೇಲರ್ ತಯಾರಾಯಿತು. ಸಿ-ಚಾನೆಲ್ ಚೌಕಟ್ಟು, ಮೇಲೆ ಚೆಕ್ಕರ್ ಪ್ಲೇಟು, ಗುಜರಿಯ ಒಂದು ಆ್ಯಕ್ಸಲ್, ಎರಡು ಚಕ್ರ. ಮುಂದೆ ಉದ್ದನೆಯ ಮೂತಿ, ಅದರ ತುದಿಯಲ್ಲಿ ಬೊಲೆರೊದ ಹಿಂಬದಿಯ ಗುಂಡಿಗೆ ಕೂರುವ ಕೊಂಡಿ. ಬ್ರೇಕ್ ಇಲ್ಲ. "ಟ್ರ್ಯಾಕ್ಟರ್ ಟ್ರೇಲರ್‌ಗೆ ಯಾರಾದ್ರೂ ಬ್ರೇಕ್ ಹಾಕಿಸ್ತಾರಾ ಸಾರ್?" ಅಂದ ವೆಲ್ಡರ್. ಟ್ರ್ಯಾಕ್ಟರು ಹೋಗುವುದು ಇಪ್ಪತ್ತರ ವೇಗದಲ್ಲಿ, ನಾವು ಹೋಗುವುದು ಹೈವೇಯಲ್ಲಿ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಣ್ಣ ಯಾವುದು ಬಳಿಯಬೇಕು ಅನ್ನುವ ಯೋಚನೆಯಲ್ಲಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಐದು ಗಂಟೆಗೆ ಪರೀಕ್ಷೆ. ಎಸ್ಟೀಮ್ ಬದಲು ಮಾವನ ಹಳೇ ಮಾರುತಿ 800 ಹತ್ತಿಸಿದೆವು, ಅದರ ತೂಕ ಆರುನೂರೈವತ್ತು ಕೆಜಿ ಅಷ್ಟೆ. ಅಂಗಡಿಯ ಮುಂದೆ ಜಾಗ ಕಿರಿದು, ಕಾರನ್ನು ರಿವರ್ಸ್‌ನಲ್ಲಿ ಹತ್ತಿಸುವುದು ಸುಲಭವಾಯಿತು. ಹಾಗೇ ಹತ್ತಿಸಿದೆವು. ನಂಬರ್ ಪ್ಲೇಟು ಇಲ್ಲದ ಟ್ರೇಲರನ್ನು ರಸ್ತೆಗೆ ಇಳಿಸಿದ್ದೇ ತಪ್ಪು, ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆ ಹೊರಟೆವು. ಮಾವ ಸ್ಟಿಯರಿಂಗ್ ಹಿಡಿದಿದ್ದರು. ನಲವತ್ತರವರೆಗೆ ಏನೂ ಇಲ್ಲ. ಐವತ್ತಕ್ಕೆ ಹಿಂದೆ ಏನೋ ಸಣ್ಣಗೆ ಆಡಿದ ಹಾಗಾಯಿತು. ಅರವತ್ತು ಮುಟ್ಟುವಾಗ ಪಕ್ಕದಲ್ಲಿ ಒಂದು ಬಸ್ಸು ಗಾಳಿ ಎಬ್ಬಿಸಿಕೊಂಡು ದಾಟಿತು.

ಆಮೇಲಿನ ಹತ್ತು ಸೆಕೆಂಡು ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಟ್ರೇಲರ್ ಬಾಲ ಆಡಿಸಿದಂತೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಇನ್ನೂ ಹೆಚ್ಚು ಹೋಯಿತು. ಅದು ಹೋದ ಕಡೆಗೆ ಬೊಲೆರೊದ ಹಿಂಭಾಗವನ್ನೂ ಎಳೆಯುತ್ತಿತ್ತು. ಕನ್ನಡಿಯಲ್ಲಿ ಮಾರುತಿ 800ರ ಮುಖ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಇಣುಕುತ್ತಿತ್ತು. ನಾನು "ಬ್ರೇಕ್, ಬ್ರೇಕ್" ಅಂತ ಕಿರುಚಿದೆ. ಮಾವ ಬ್ರೇಕ್ ತುಳಿಯಲಿಲ್ಲ. ಸ್ಟಿಯರಿಂಗನ್ನು ನೇರ ಹಿಡಿದು ಆ್ಯಕ್ಸಲರೇಟರ್‌ನಿಂದ ಕಾಲು ತೆಗೆದರು ಅಷ್ಟೆ. ವೇಗ ನಲವತ್ತಕ್ಕೆ ಇಳಿದ ಮೇಲೆ ಅದು ತಾನಾಗಿ ನೇರವಾಯಿತು. ಬದಿಗೆ ನಿಲ್ಲಿಸಿ ಇಬ್ಬರೂ ಇಳಿದೆವು. ಮಾವ ಒಂದು ಬೀಡಿ ಹಚ್ಚಿದರು. ಅವರು ಬೀಡಿ ಬಿಟ್ಟು ಆರು ವರ್ಷವಾಗಿತ್ತು. ಪಕ್ಕದ ಟೀ ಅಂಗಡಿಯವನ ಹತ್ತಿರ ಕೇಳಿ ತಂದದ್ದು.

"ನಾನು ಬ್ರೇಕ್ ಹಾಕಿದ್ರೆ ಹಿಂದಿಂದ ಅದು ನಮ್ಮನ್ನ ತಳ್ಳಿ ಮಡಚಿಬಿಡೋದು" ಅಂದರು. ಎಲ್ಲಿ ಕಲಿತರು ಅಂತ ಕೇಳಿದರೆ, ಹುಡುಗನಾಗಿದ್ದಾಗ ರೇಸ್ ತಂಡದವರ ಜೊತೆ ಶೋಲಾವರಂಗೆ ಹೋಗುತ್ತಿದ್ದ ಕಾಲದ್ದು ಅಂದರು. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬರುವ ಮೊದಲು ಮದ್ರಾಸಿನ ರೇಸ್ ನಡೆಯುತ್ತಿದ್ದದ್ದು ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಒಂದು ಹಳೇ ವಿಮಾನ ಪಟ್ಟಿಯ ಮೇಲೆ.

ಏನು ತಪ್ಪಾಯಿತು ಅಂತ ನನಗೆ ಅರ್ಥವಾದದ್ದು ಅವತ್ತು ಮಧ್ಯಾಹ್ನ, ಅದೂ ಗುಜರಿ ಅಂಗಡಿಯ ತೂಕದ ಯಂತ್ರದಿಂದ. ಟ್ರೇಲರಿನ ಮೂತಿ ಎಳೆಯುವ ಗಾಡಿಯ ಮೇಲೆ ಎಷ್ಟು ಭಾರ ಹಾಕುತ್ತದೆ ಅನ್ನುವುದೇ ಎಲ್ಲದರ ಗುಟ್ಟು. ಒಟ್ಟು ತೂಕದ ಹತ್ತರಿಂದ ಹದಿನೈದು ಪರ್ಸೆಂಟ್ ಇರಬೇಕು ಅಂತ ಅಮೆರಿಕದವರು, ಅದಕ್ಕಿಂತ ಸ್ವಲ್ಪ ಕಡಿಮೆ ಸಾಕು ಅಂತ ಯುರೋಪಿನವರು. ನಮ್ಮ ಟ್ರೇಲರ್ ನಾನೂರು ಕೆಜಿ, ಕಾರು ಆರುನೂರೈವತ್ತು, ಸೇರಿ ಸಾವಿರದ ಐವತ್ತು. ಮೂತಿಯನ್ನು ಗುಜರಿಯವನ ತಕ್ಕಡಿಯ ಮೇಲೆ ಇಟ್ಟರೆ ಬಂದದ್ದು ಇಪ್ಪತ್ತು ಕೆಜಿ! ಎರಡು ಪರ್ಸೆಂಟೂ ಇಲ್ಲ. ಮಾರುತಿಯ ಎಂಜಿನ್ನು, ಗೇರ್ ಬಾಕ್ಸು ಎಲ್ಲ ಮುಂದೆ. ನಾವು ರಿವರ್ಸ್‌ನಲ್ಲಿ ಹತ್ತಿಸಿದ್ದರಿಂದ ಆ ಭಾರವೆಲ್ಲ ಟ್ರೇಲರಿನ ಆ್ಯಕ್ಸಲಿನ ಹಿಂದಕ್ಕೆ ಹೋಗಿ ಮೂತಿಯನ್ನು ಮೇಲಕ್ಕೆ ಎತ್ತುತ್ತಿತ್ತು. ಅದೇ ಕಾರನ್ನು ಇಳಿಸಿ, ತಿರುಗಿಸಿ, ಮುಖ ಮುಂದೆ ಮಾಡಿ ಅದೇ ಜಾಗಕ್ಕೆ ಹತ್ತಿಸಿದೆವು. ತಕ್ಕಡಿಯಲ್ಲಿ ನೂರೆಂಟು ಕೆಜಿ. ಎಂಬತ್ತೆಂಟು ಕೆಜಿಯ ವ್ಯತ್ಯಾಸ, ಬರೀ ದಿಕ್ಕು ಬದಲಿಸಿದ್ದಕ್ಕೆ. ಮೂರನೇ ಸೆಮಿಸ್ಟರಿನಲ್ಲಿ 'ಮೊಮೆಂಟ್' ಅನ್ನುವ ಪಾಠಕ್ಕೆ ನನಗೆ ಒಳ್ಳೆ ಮಾರ್ಕ್ಸ್ ಬಂದಿತ್ತು ಅನ್ನುವುದನ್ನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಹಾಗಾದರೆ ಇನ್ನೇನು, ಸರಿಯಾಗಿ ಹತ್ತಿಸಿದರೆ ಆಯಿತಲ್ಲ? ನನಗೂ ಹಾಗೇ ಅನ್ನಿಸಿತು. ಆದರೆ ಹೆದರಿಕೆ ಒಮ್ಮೆ ಹೊಕ್ಕ ಮೇಲೆ ಮನುಷ್ಯ ಓದಲು ಶುರು ಮಾಡುತ್ತಾನೆ. ಓದಿದಷ್ಟೂ ಟ್ರೇಲರ್ ಕನಸು ಕರಗಿತು.

ಮೊದಲನೆಯದು ಬ್ರೇಕ್. ಯುರೋಪಿನಲ್ಲಿ ಏಳುನೂರೈವತ್ತು ಕೆಜಿ ಮೀರಿದ ಟ್ರೇಲರಿಗೆ ಅದರದ್ದೇ ಬ್ರೇಕ್ ಇರಲೇಬೇಕು. ಎಳೆಯುವ ಗಾಡಿ ನಿಧಾನವಾದಾಗ ಹಿಂದಿನ ಟ್ರೇಲರ್ ಮುಂದಕ್ಕೆ ಒತ್ತುತ್ತದಲ್ಲ, ಆ ಒತ್ತಡದಿಂದಲೇ ಟ್ರೇಲರಿನ ಬ್ರೇಕ್ ಹಿಡಿಯುವ ಸರಳ ಏರ್ಪಾಡು ಅದು. ನಮ್ಮದರಲ್ಲಿ ಅದಿಲ್ಲ. ಎಸ್ಟೀಮ್ ಹತ್ತಿಸಿದರೆ ಒಟ್ಟು ಹನ್ನೆರಡು ಕ್ವಿಂಟಲ್ ಮೀರುತ್ತದೆ. ಕೋಲಾರ, ಮುಳಬಾಗಿಲು ದಾಟಿ ಚಿತ್ತೂರಿನ ಕಡೆ ಹೋಗುವಾಗ ಪಲಮನೇರು ಆದ ಮೇಲೆ ಮೊಗಿಲಿ ಘಾಟ್ ಸಿಗುತ್ತದೆ. ಆ ಇಳಿಜಾರಿನಲ್ಲಿ ಬ್ರೇಕ್ ಕಾದು ಕೈಕೊಟ್ಟ ಲಾರಿಗಳ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಅಲ್ಲಿ ಬೆನ್ನ ಹಿಂದೆ ಹನ್ನೆರಡು ಕ್ವಿಂಟಲ್ ತಳ್ಳುತ್ತಿದ್ದರೆ? ಹೊಸೂರು, ಕೃಷ್ಣಗಿರಿ ಮೇಲೆ ಹೋದರೆ ಆ ಘಾಟ್ ತಪ್ಪುತ್ತದೆ, ನಿಜ. ಆದರೆ ಮುಂದಿನವನು ದಿಢೀರ್ ಬ್ರೇಕ್ ಹಾಕುವುದು ಎಲ್ಲ ರಸ್ತೆಯಲ್ಲೂ ಇದೆ. ಬೊಲೆರೊ ಎಷ್ಟು ತೂಕ ಎಳೆಯಬಹುದು ಅಂತ ಅದರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಹುಡುಕಿದೆ. ಅಂಥ ಒಂದು ಸಾಲೂ ನನಗೆ ಸಿಗಲಿಲ್ಲ.

ಎರಡನೆಯದು ಕಾಗದ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ ಕಣ್ಣಲ್ಲಿ ಟ್ರೇಲರ್ ಅಂದರೆ ಬರೀ ಕಬ್ಬಿಣವಲ್ಲ, ಅದೂ ಒಂದು ವಾಹನ. ಅದಕ್ಕೆ ಅದರದ್ದೇ ನೋಂದಣಿ ಬೇಕು. ನೋಂದಣಿಗೆ ತಯಾರಕನ ಕಾಗದ ಬೇಕು. ನಮ್ಮ ವೆಲ್ಡರ್ ಹತ್ತಿರ ಇದ್ದ ಕಾಗದ ಒಂದೇ, ನಾನು ಕೊಟ್ಟ ಅಡ್ವಾನ್ಸಿನ ಚೀಟಿ.

ಮೂರನೆಯದನ್ನು ಯಾರೂ ಹೇಳುವುದಿಲ್ಲ, ಆದರೆ ಈ ಪುಟ ಓದುವ, ಸ್ವಂತ ಏನಾದರೂ ಮಾಡೋಣ ಅಂದುಕೊಂಡಿರುವ ಗೆಳೆಯರಿಗೆ ಇದೇ ಮುಖ್ಯ. ಖಾಸಗಿ ಕಾರಿನ ವಿಮೆ ಪಾಲಿಸಿಯ ಸಣ್ಣಕ್ಷರಗಳನ್ನು ಯಾವತ್ತಾದರೂ ಓದಿ. ಬಾಡಿಗೆಗೆ ಬಳಸಿದರೆ ಇಲ್ಲ, ಸರಕು ಸಾಗಿಸಿದರೆ ಇಲ್ಲ, ರೇಸ್ ಓಡಿಸಿದರೆ ಇಲ್ಲ, ವಾಹನ ವ್ಯಾಪಾರಕ್ಕೆ ಬಳಸಿದರೂ ಇಲ್ಲ ಅಂತ ಅಲ್ಲೇ ಬರೆದಿರುತ್ತದೆ. ಬಿಳಿ ಬೋರ್ಡಿನ ಬೊಲೆರೊದಲ್ಲಿ ಇಂದಿರಾನಗರದ ಸಾಹೇಬರ ಕಾರನ್ನು ದುಡ್ಡಿಗೆ ಎಳೆದುಕೊಂಡು ಹೋಗಿ ಏನಾದರೂ ಆದರೆ, ಮಾವನ ಗ್ಯಾರೇಜು ಮಾರಿದರೂ ತೀರದ ಸಾಲ.

ಅಮ್ಮನಿಗೆ ಹೇಳಬೇಕಾದ ದಿನ ಬಂತು. ಅಡ್ವಾನ್ಸ್ ಮೂವತ್ತು ಸಾವಿರ, ಟ್ರೇಲರಿನ ಸ್ಥಿತಿ, ಹಳೇ ಮದ್ರಾಸ್ ರಸ್ತೆಯ ಕಥೆ ಎಲ್ಲ ಹೇಳಿದೆ. ಬಸ್ಸಿನ ವಿಷಯ ಮಾತ್ರ ಬಿಟ್ಟೆ. ಅಮ್ಮ ಬೈಯಲಿಲ್ಲ. ಅಕ್ಕಿ ಆರಿಸುತ್ತಾ, "ಮಾವನಿಗೆ ಏನೂ ಆಗ್ಲಿಲ್ಲ ತಾನೆ?" ಅಂತ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ದಾರಿ ಹೊರುವುದು. ಎಳೆಯುವ ಬದಲು ಬೆನ್ನ ಮೇಲೆ ಹೊತ್ತು ಹೋಗುವುದು. ಇಲ್ಲಿಯೂ ಆಯ್ಕೆಗಳಿವೆ. ಪಿಕಪ್ ಗಾಡಿಗಳ ತೊಟ್ಟಿ ಚಿಕ್ಕದು, ಎಸ್ಟೀಮ್ ಅರ್ಧ ಹೊರಗೆ ನೇತಾಡುತ್ತದೆ. ಕೆಟ್ಟು ನಿಂತ ಕಾರುಗಳನ್ನು ಎತ್ತಿಕೊಂಡು ಹೋಗುವ, ಹಾಸು ಹಿಂದಕ್ಕೆ ಜಾರಿ ನೆಲ ಮುಟ್ಟುವ ಫ್ಲ್ಯಾಟ್‌ಬೆಡ್ ಗಾಡಿಗಳಿವೆ. ಕೆಲಸಕ್ಕೆ ಅದೇ ಸರಿ. ಆದರೆ ಆ ಗಾಡಿಗಳವರು ಹೊರರಾಜ್ಯಕ್ಕೆ ಎರಡು ದಿನ ಅಂದ ಕೂಡಲೇ ಹೇಳಿದ ಬಾಡಿಗೆ ಕೇಳಿ ಇಂದಿರಾನಗರದ ಸಾಹೇಬರೇ ಒಂದು ನಿಮಿಷ ಸುಮ್ಮನಾದರು. ಕೊನೆಗೆ ಉಳಿದದ್ದು ಹದಿನಾಲ್ಕು ಅಡಿಯ ಕ್ಯಾಂಟರ್.

ನಮ್ಮ ಕಡೆ ಮಧ್ಯಮ ಗಾತ್ರದ ಯಾವ ಲಾರಿಯಾದರೂ ಕ್ಯಾಂಟರೇ. ಎಂಬತ್ತರ ದಶಕದಲ್ಲಿ ಐಷರ್ ಕಂಪನಿ ಜಪಾನಿನ ಮಿತ್ಸುಬಿಶಿ ಜೊತೆ ಸೇರಿ ತಂದ ಗಾಡಿಯ ಹೆಸರದು. ಜೆರಾಕ್ಸ್, ಡಾಲ್ಡಾದ ಹಾಗೆ ಇಡೀ ಜಾತಿಗೆ ಅಂಟಿಕೊಂಡಿತು. ಮನೆ ಹತ್ತಿರದ ಒಬ್ಬ ಕ್ಯಾಂಟರ್ ಅಣ್ಣ ಇದ್ದರು. ಸ್ವಂತ ಗಾಡಿ, ನ್ಯಾಷನಲ್ ಪರ್ಮಿಟ್ ಇತ್ತು, ಆಂಧ್ರ, ತಮಿಳುನಾಡು ಎರಡಕ್ಕೂ ತೊಂದರೆಯಿಲ್ಲ. ತರಕಾರಿ, ಮದುವೆ ಶಾಮಿಯಾನ, ಒಮ್ಮೆ ಒಂದು ಆನೆಯ ಫೈಬರ್ ಬೊಂಬೆ, ಎಲ್ಲ ಹೊತ್ತವರು. ರೇಸ್ ಕಾರು ಹೊತ್ತಿರಲಿಲ್ಲ.

ಅವರ ಜೊತೆ ಮಾತಾಡುತ್ತಿದ್ದ ದಿನಗಳಲ್ಲೇ, 2024ರ ನವೆಂಬರ್ 6ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಒಂದು ತೀರ್ಪು ಬಂತು. ಒಟ್ಟು ತೂಕ 7,500 ಕೆಜಿ ಮೀರದ ಸರಕು ವಾಹನವನ್ನು ಎಲ್‌ಎಂವಿ ಲೈಸೆನ್ಸ್ ಇರುವವರು ಓಡಿಸಬಹುದು, ಬೇರೆ ಅನುಮತಿ ಬೇಡ ಅಂತ. 2017ರಲ್ಲೇ ಹೀಗೆ ಹೇಳಿದ್ದರೂ ವಿಮಾ ಕಂಪನಿಗಳು ಒಪ್ಪದೆ ವಿಷಯ ದೊಡ್ಡ ಪೀಠದವರೆಗೆ ಹೋಗಿತ್ತು. ಅಪಾಯಕಾರಿ ಸರಕಿನ ಗಾಡಿಗಳ ಮಾತು ಬೇರೆ. ಅಣ್ಣ ಮೊಬೈಲಿನಲ್ಲಿ ಆ ಸುದ್ದಿ ತೋರಿಸಿ, "ನಿನ್ನ ಹತ್ರ ಕಾರ್ ಲೈಸೆನ್ಸ್ ಇದ್ಯಲ್ಲ, ಹಂಗಾದ್ರೆ ನೀನೂ ಡ್ರೈವರೇ" ಅಂದರು. ಅವರ ಗಾಡಿಯ ಆರ್‌ಸಿ ತೆಗೆದು ನೋಡಿದೆ, 7,500ರ ಒಳಗೇ ಇತ್ತು. ಬಿ.ಇ. ಸರ್ಟಿಫಿಕೇಟಿಗಿಂತ ಮೊದಲು ಕೆಲಸಕ್ಕೆ ಬಂದದ್ದು ಹದಿನೆಂಟನೇ ವಯಸ್ಸಿನಲ್ಲಿ ಮಾಡಿಸಿದ ಲೈಸೆನ್ಸು.

ಗಾಡಿ ಸಿಕ್ಕಿತು, ಹತ್ತಿಸುವುದು ಹೇಗೆ? ಕ್ಯಾಂಟರಿನ ಹಾಸು ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ. ಎಸ್ಟೀಮಿನ ಮುಂದಿನ ಬಂಪರ್ ನೆಲಕ್ಕೆ ನಾಲ್ಕು ಬೆರಳು. ಅಳತೆ ತೆಗೆದು ನೋಡಿದೆ: ಎಂಟು ಡಿಗ್ರಿಗಿಂತ ಕಡಿದಾದ ಇಳಿಜಾರಾದರೆ ಬಂಪರ್ ಮೊದಲು ಹೋಗಿ ತಗಲುತ್ತದೆ. ಒಂದು ಮೀಟರ್ ಎತ್ತರವನ್ನು ಎಂಟು ಡಿಗ್ರಿಯಲ್ಲಿ ಹತ್ತಬೇಕಾದರೆ ಹಲಗೆ ಏಳು ಮೀಟರು ಉದ್ದ ಬೇಕು. ಏಳು ಮೀಟರಿನ ಕಬ್ಬಿಣದ ಹಲಗೆ, ಅದೂ ಎರಡು, ಲಾರಿಗಿಂತ ಉದ್ದ! ಅಮೆರಿಕದವರು ಟ್ರೇಲರ್ ಯಾಕೆ ಇಷ್ಟಪಡುತ್ತಾರೆ ಅಂತ ಆಗ ಅರ್ಥವಾಯಿತು. ಅದರ ಹಾಸು ಅರ್ಧ ಮೀಟರ್ ಎತ್ತರ, ಹಲಗೆ ಮೂರೂವರೆ ಮೀಟರ್ ಸಾಕು. ಲೆಕ್ಕದ ಪುಸ್ತಕ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದೆ. ಅಣ್ಣ ಪುಸ್ತಕ ನೋಡಲಿಲ್ಲ. "ಗಾಡಿ ಹಿಂದಿನ ಚಕ್ರ ತಗ್ಗಲ್ಲಿ ನಿಲ್ಸಿದ್ರೆ ಹಾಸು ತಗ್ಗಲ್ವಾ?" ಅಂದರು. ಮೆಕ್ಯಾನಿಕಲ್ ಎಂಜಿನಿಯರ್ ಸುಮ್ಮನಾದ.

ಕೆ.ಆರ್.ಪುರದಲ್ಲಿ ಹತ್ತಿಸಲು ಗೆಳೆಯನ ಅಪ್ಪನ ಗೋಡೌನಿನ ಕಟ್ಟೆ ಸಿಕ್ಕಿತು, ಲಾರಿ ಹಾಸಿನ ಎತ್ತರದ್ದೇ. ಒಂದು ಬದಿಯಲ್ಲಿ ಅದಕ್ಕೆ ಉದ್ದನೆಯ ಇಳಿಜಾರು ಇತ್ತು. ಅಲ್ಲಿ ಇಳಿಸಲು ಏನಿರುತ್ತದೋ ಗೊತ್ತಿಲ್ಲ, ಹಾಗಾಗಿ ನಾಲ್ಕು ಮೀಟರಿನ ಎರಡು ಹಲಗೆ ಮಾಡಿಸಿದೆವು. ಅಡ್ವಾನ್ಸ್ ತಿಂದ ಅದೇ ವೆಲ್ಡರ್ ಹತ್ತಿರ. ಟ್ರೇಲರಿನ ಚಾನೆಲ್ಲನ್ನೇ ಕತ್ತರಿಸಿ. ಹೀಗೆ ಮೂವತ್ತು ಸಾವಿರದಲ್ಲಿ ಸ್ವಲ್ಪವಾದರೂ ಹಲಗೆಯ ರೂಪದಲ್ಲಿ ವಾಪಸ್ ಬಂತು.

ಕಟ್ಟುವ ಬೆಲ್ಟ್ ತರಲು ಶಿವಾಜಿನಗರಕ್ಕೆ ಹೋದೆ. ಅಲ್ಲಿನ ಗುಜರಿ ಅಂಗಡಿಗಳಲ್ಲಿ ಹಡಗಿನ ಲಂಗರು ಕೇಳಿದರೂ 'ನಾಳೆ ಬನ್ನಿ' ಅನ್ನುತ್ತಾರೆ. ರ್‍ಯಾಚೆಟ್ ಬೆಲ್ಟ್ ಎಂಟು ಬೇಕಿತ್ತು. ಹಳೆಯದು ಅಗ್ಗಕ್ಕೆ ಇತ್ತು, ಅಂಚು ಎಳೆ ಬಿಟ್ಟಿತ್ತು. ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಟ್ರೇಲರಿನ ನೆನಪು ಬಂದು ಹೊಸದೇ ತೆಗೆದುಕೊಂಡೆ.

ಬೆಲ್ಟನ್ನು ಎಲ್ಲಿಗೆ ಕಟ್ಟಬೇಕು ಅನ್ನುವುದರಲ್ಲೂ ಒಂದು ತಿಳಿವಳಿಕೆ ಇದೆ. ಕಾರಿನ ಮೈಗೆ ಬಿಗಿದರೆ, ರಸ್ತೆ ಗುಂಡಿಯಲ್ಲಿ ಸ್ಪ್ರಿಂಗ್ ಕುಗ್ಗಿದಾಗ ಬೆಲ್ಟ್ ಸಡಿಲವಾಗುತ್ತದೆ, ಸ್ಪ್ರಿಂಗ್ ಮೇಲೆದ್ದಾಗ ಜಗ್ಗಿ ಹೊಡೆಯುತ್ತದೆ. ಚಕ್ರಕ್ಕೇ ಸುತ್ತಿ ಹಾಸಿಗೆ ಬಿಗಿದರೆ ಚಕ್ರ ಅಲ್ಲಾಡುವುದಿಲ್ಲ, ಮೇಲೆ ಕಾರು ತನ್ನ ಸ್ಪ್ರಿಂಗಿನ ಮೇಲೆ ತಾನು ಕುಣಿದುಕೊಂಡಿರುತ್ತದೆ. ನಾಲ್ಕು ಚಕ್ರಕ್ಕೂ ಹಿಂದೆ ಮುಂದೆ ಮರದ ತುಂಡು. ತೇರಿನ ಗಾಲಿಗೆ ಮರದ ತುಂಡು ಕೊಡುವವರನ್ನು ಕಾರ್ ಸ್ಟ್ರೀಟಿನಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ. ಅಷ್ಟು ದೊಡ್ಡ ತೇರನ್ನು ಒಂದು ತುಂಡು ನಿಲ್ಲಿಸುತ್ತದೆ ಅಂದರೆ ನಮ್ಮ ಎಸ್ಟೀಮ್ ಯಾವ ಲೆಕ್ಕ.

ರಾತ್ರಿ ಹನ್ನೊಂದೂವರೆಗೆ ಹೊರಟೆವು. ಅಣ್ಣ, ಮಾವ, ನಾನು ಮೂವರೂ ಕ್ಯಾಬಿನ್ನಿನಲ್ಲಿ. ಕೆ.ಆರ್.ಪುರದ ತೂಗು ಸೇತುವೆಯ ದೀಪ ಹಿಂದೆ ಉಳಿಯಿತು. ನನ್ನ ಫೈಲಿನಲ್ಲಿ ಕಾರಿನ ಮೂಲ ಆರ್‌ಸಿ, ಮಾಲೀಕರ ಸಹಿ ಇದ್ದ ಪತ್ರ, ಅವರ ಗುರುತಿನ ಚೀಟಿಯ ನಕಲು, ಚಾಸಿಸ್ ನಂಬರಿನ ಫೋಟೊ ಇದ್ದವು. ನಂಬರ್ ಪ್ಲೇಟು ಕಳಚಿ, ಒಳಗೆ ಸೀಟಿಲ್ಲದ ಕಾರನ್ನು ರಾತ್ರಿ ಎರಡು ಗಂಟೆಗೆ ಲಾರಿಯಲ್ಲಿ ಹೊತ್ತು ರಾಜ್ಯ ದಾಟಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಬಂತು ಕೂಡ. ಗಡಿ ದಾಟಿದ ಮೇಲೆ ಒಬ್ಬ ಪೊಲೀಸರು ಟಾರ್ಚ್ ಹಾಕಿ ನೋಡಿ, ಕಳ್ಳಮಾಲಾ ಅಂತ ತೆಲುಗಿನಲ್ಲಿ ಕೇಳಿದರು. ಮಾವ ಹಲಸೂರಿನ ತೆಲುಗಿನಲ್ಲಿ ರೇಸ್ ಅಂದರೇನು ಅಂತ ವಿವರಿಸಿದರು. ಪತ್ರ ಓದಿ, ಚಾಸಿಸ್ ನಂಬರ್ ಹೋಲಿಸಿ ನೋಡಿ, ಕೊನೆಗೆ ಅವರು ಕೇಳಿದ್ದು ಒಂದೇ: "ಇದು ಎಷ್ಟು ಸ್ಪೀಡ್ ಹೋಗುತ್ತೆ?"

ಅದಕ್ಕೂ ಮೊದಲು, ಹೊಸಕೋಟೆ ದಾಟಿದ ಮೇಲೆ ಅಣ್ಣ ಗಾಡಿ ನಿಲ್ಲಿಸಿದ್ದರು. ಬೆಲ್ಟ್ ನೋಡೋಣ ಅಂದರು. ಎಂಟರಲ್ಲಿ ಮೂರು ಸಡಿಲವಾಗಿದ್ದವು, ಒಂದಂತೂ ಬೆರಳು ತೂರುವಷ್ಟು. ಹೊಸ ಬೆಲ್ಟ್ ಮೊದಲ ಇಪ್ಪತ್ತು ಕಿಲೋಮೀಟರಿನಲ್ಲಿ ಹಿಗ್ಗುತ್ತದಂತೆ. ಮತ್ತೆ ಬಿಗಿದೆವು, ಮುಳಬಾಗಿಲಿನಲ್ಲಿ ಇನ್ನೊಮ್ಮೆ. ಮೊಗಿಲಿ ಘಾಟಿನಲ್ಲಿ ಅಣ್ಣ ಎರಡನೇ ಗೇರಿಗೆ ಹಾಕಿ, ಬ್ರೇಕನ್ನು ಮುಟ್ಟಿ ಮುಟ್ಟಿ ಬಿಡುತ್ತಾ ಇಳಿಸಿದರು. ಎಂಜಿನ್ನು ಗೊಣಗುತ್ತಿತ್ತು. ಹಿಂದಿನ ಸಣ್ಣ ಕಿಟಕಿಯಿಂದ ಎಸ್ಟೀಮನ್ನು ನೋಡುತ್ತಲೇ ಇದ್ದೆ. ಮಾವ ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲಿರಲಿಲ್ಲ, ಅವರ ಬಲಗಾಲು ಇಲ್ಲದ ಪೆಡಲನ್ನು ಒತ್ತುತ್ತಿತ್ತು.

ಬೆಳಿಗ್ಗೆ ಏಳಕ್ಕೆ ಇರುಂಗಾಟ್ಟುಕೋಟ್ಟೈ. ರಸ್ತೆಯ ಪಕ್ಕ ಒಂದು ಮಣ್ಣಿನ ಇಳಿಜಾರು ಹುಡುಕಿ, ಕ್ಯಾಂಟರಿನ ಹಿಂದಿನ ಚಕ್ರವನ್ನು ತಗ್ಗಿಗೆ ಇಳಿಸಿ, ಹಲಗೆ ಜೋಡಿಸಿದೆವು. ಹಲಗೆಯ ಕೆಳಗೆ ಮರಳಿನ ಚೀಲ. ಬಂಪರಿಗೂ ಹಲಗೆಗೂ ನಡುವೆ ಒಂದು ಬೆರಳು ಉಳಿಯಿತು. ನಾನು ಮೊಣಕಾಲೂರಿ ಕೂತು ಆ ಬೆರಳನ್ನೇ ನೋಡುತ್ತಾ ಕೈ ಸನ್ನೆ ಮಾಡುತ್ತಿದ್ದೆ.

ಒಳಗೆ ಒಂದು ತಂಡದವರು ನಿಜವಾದ ಟ್ರೇಲರ್ ತಂದಿದ್ದರು. ಎರಡು ಆ್ಯಕ್ಸಲ್, ಬ್ರೇಕ್, ನಂಬರ್ ಪ್ಲೇಟು, ಕಾರನ್ನು ಎಳೆದುಕೊಳ್ಳುವ ವಿಂಚ್, ಎಲ್ಲ ಇತ್ತು. ಹತ್ತಿರ ಹೋಗಿ ಸುತ್ತು ಹಾಕಿದೆ. ಅವರ ಹುಡುಗನೊಬ್ಬ ತಾನಾಗಿಯೇ ಮೂತಿಯ ಕೊಂಡಿಯನ್ನು ಬಿಚ್ಚಿ, ಬ್ರೇಕ್ ಹೇಗೆ ಹಿಡಿಯುತ್ತದೆ ಅಂತ ತೋರಿಸಿದ. ಬೆಲೆ ಕೇಳಿದೆ. ಕೇಳಿ, ಥ್ಯಾಂಕ್ಸ್ ಹೇಳಿ, ನಮ್ಮ ಕ್ಯಾಂಟರ್ ಹತ್ತಿರ ಬಂದು ಕೂತೆ. ನನಗೆ ಟ್ರೇಲರ್ ಮೇಲೆ ಈಗಲೂ ಕೋಪವಿಲ್ಲ. ವರ್ಷಕ್ಕೆ ಹದಿನೈದು ಸಲ ತಮ್ಮದೇ ಕಾರನ್ನು ಒಯ್ಯುವವರಿಗೆ, ಸರಿಯಾದ ಕಾಗದವಿರುವ, ಬ್ರೇಕ್ ಇರುವ ಟ್ರೇಲರಿಗಿಂತ ಒಳ್ಳೆಯದಿಲ್ಲ. ಬೇರೆಯವರ ಕಾರನ್ನು ಬಾಡಿಗೆಗೆ ಒಯ್ಯುವ ನನ್ನಂಥವನಿಗೆ ಹಳದಿ ಬೋರ್ಡಿನ ಕ್ಯಾಂಟರೇ ಸರಿ.

ಇವತ್ತಿಗೆ ಆರು ಟ್ರಿಪ್ ಆಗಿದೆ. ನಾಲ್ಕು ಮದ್ರಾಸಿಗೆ, ಎರಡು ಕೊಯಮತ್ತೂರಿಗೆ. ಗಾಡಿ ಅಣ್ಣನದ್ದು, ಹಲಗೆ ಬೆಲ್ಟು ನನ್ನದು, ಗಿರಾಕಿ ಹುಡುಕುವುದು, ಕಾಗದ ಪತ್ರ, ಕಟ್ಟುವ ಜವಾಬ್ದಾರಿ ನನ್ನದು. ಉಳಿದದ್ದರಲ್ಲಿ ಮೂರನೇ ಒಂದು ಭಾಗ ನನಗೆ. ಸಂಬಳ ಅನ್ನುವಷ್ಟಿಲ್ಲ, ಹಾಗಾಗಿ ಬೇರೆ ಕೆಲಸಕ್ಕೆ ಅರ್ಜಿ ಹಾಕುವುದನ್ನೂ ನಿಲ್ಲಿಸಿಲ್ಲ. ಕಳೆದ ತಿಂಗಳು ಒಂದು ಸಂದರ್ಶನದಲ್ಲಿ 'ಪ್ರಾಜೆಕ್ಟ್ ಏನು ಮಾಡಿದ್ದೀರಿ' ಅಂತ ಕೇಳಿದಾಗ ಗುಜರಿ ತಕ್ಕಡಿಯ ಕಥೆ ಹೇಳಿದೆ. ಕನ್ನಡಕದ ಹಿರಿಯರೊಬ್ಬರು ಪೆನ್ನು ಕೆಳಗಿಟ್ಟು, ಇಪ್ಪತ್ತರಿಂದ ನೂರೆಂಟು ಹೇಗಾಯಿತು ಅಂತ ಬೋರ್ಡಿನ ಮೇಲೆ ಬಿಡಿಸಿ ತೋರಿಸಲು ಹೇಳಿದರು. ತೋರಿಸಿದೆ. 'ತಿಳಿಸುತ್ತೇವೆ' ಅಂದಿದ್ದಾರೆ.

ಅಮ್ಮನಿಗೆ ಇಪ್ಪತ್ತೆರಡು ಸಾವಿರ ವಾಪಸ್ ಕೊಟ್ಟಿದ್ದೇನೆ, ಇನ್ನು ಎಂಟು ಬಾಕಿ. ತಂಗಿ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಾಳೆ. ಮುಂದಿನ ಶುಕ್ರವಾರ ಮತ್ತೆ ಕೊಯಮತ್ತೂರು. ಈ ಸಲದ ಕಾರು ಎಸ್ಟೀಮಿಗಿಂತ ಒಂದು ಅಡಿ ಉದ್ದ. ಹದಿನಾಲ್ಕು ಅಡಿಯಲ್ಲಿ ಹಿಡಿಯುವುದಿಲ್ಲ. ಹದಿನೇಳು ಅಡ�ಿಯ ಗಾಡಿ ಹುಡುಕುತ್ತಿದ್ದೇವೆ.